ಏಡಿಗಂತಿಯೂ ವಂಶಾವಳಿಯೂ

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಮಗುವಿನ ಮೂಗು ಅಜ್ಜನದು, ನಗು ಸೋದರತ್ತೆಯದು ಎಂದು ತೊಟ್ಟಿಲ ಸುತ್ತ ನಿಂತು ಹೇಳುವ ಹಿರಿಯರು ಈ ಗಾದೆಯ ಸತ್ಯವನ್ನು ದಿನವೂ ಕಾಣುತ್ತಿರುವರು. ಆದರೆ ತಾಯಿಗೆ ಏಡಿಗಂತಿಯು, ಎಂದರೆ ಕ್ಯಾನ್ಸರ್ ರೋಗವು, ತಗಲಿತೆಂದು ತಿಳಿದ ದಿನ ಆ ಮನೆಯಲ್ಲಿ ಈ ಗಾದೆಯು ನಲ್ಮೆಯ ಮಾತಾಗಿ ಉಳಿಯುವುದಿಲ್ಲ. "ನನಗೆ ಬಂದದ್ದು ನನ್ನ ಮಗಳಿಗೂ ಬರುವುದೇ?" ಎಂಬ ಪ್ರಶ್ನೆಯು, ಔಷಧದ ಖರ್ಚಿನ ಚಿಂತೆಗಿಂತಲೂ ಮೊದಲೇ, ಆ ತಾಯಿಯ ಬಾಯಿಗೆ ಬರುವುದು. ಪ್ರಶ್ನೆಯು ಚಿಕ್ಕದು, ಆದರೆ ಇದಕ್ಕೆ ಉತ್ತರವನ್ನು ಹೇಳಲು ಲೋಕದ ವಿಜ್ಞಾನಿಗಳು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಶ್ರಮಿಸುತ್ತಿದ್ದಾರೆ. ಈ ಶ್ರಮದಲ್ಲಿ ಎದುರಾಗುವ ತೊಡಕುಗಳಾವುವು, ಅವುಗಳಲ್ಲಿ ಗೃಹಸ್ಥರಾದ ನಮ್ಮ ಕೈಯಿಂದಲೇ ಬಿಡಿಸಬಹುದಾದುದು ಯಾವುದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ಕೇಳುವ ತಾಯಿಯು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನವಳೆಂದು ಭಾವಿಸೋಣ. ಆಕೆಗೆ ಮೂವತ್ತೆಂಟು ವರ್ಷ, ಎದೆಯಲ್ಲಿ ಗಂತಿ. ಈ ತಾಯಿಯು ನಮ್ಮ ಕಲ್ಪನೆಯವಳು, ಆದರೆ ಊರು ನಿಜವಾದುದು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಹರಿದುಬಂದ ಮೇಲೆ, ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಿದ್ದ ಈ ಸೀಮೆಯ ಕರಿಯ ನೆಲವು ಬತ್ತದ ಗದ್ದೆಯಾಯಿತು. ಹೊರಗಿನಿಂದ ಬಂದ ಜನರ ನೆಲೆಗಳು ಅಲ್ಲಲ್ಲಿ ಎದ್ದು, ಅವುಗಳಿಗೆ 'ಕ್ಯಾಂಪು' ಎಂಬ ಹೆಸರೇ ನಿಂತುಹೋಯಿತು. ಆಗಿನ ಪೂರ್ವ ಪಾಕಿಸ್ತಾನದಿಂದ ಮನೆಮಠಗಳನ್ನು ತೊರೆದು ಬಂದ ಬಂಗಾಳಿ ಕುಟುಂಬಗಳನ್ನು ೧೯೭೦ರ ಆಸುಪಾಸಿನ ವರ್ಷಗಳಲ್ಲಿ ಸರ್ಕಾರವು ಜಮೀನು ಕೊಟ್ಟು ಇಲ್ಲಿ ನೆಲೆಗೊಳಿಸಿತು. ಪುನರ್ವಸತಿ ಎಂಬರ್ಥದ 'ರಿಹ್ಯಾಬಿಲಿಟೇಶನ್' ಎಂಬ ಇಂಗ್ಲಿಷ್ ಮಾತನ್ನು ಮೊಟಕುಗೊಳಿಸಿದ್ದೇ ಈ 'ಆರ್.ಎಚ್.' ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ, ಶರದೃತುವಿನಲ್ಲಿ ದುರ್ಗೆಯ ಪೂಜೆ. ಹೀಗೆ ಎರಡು ನಾಡುಗಳು ಇಲ್ಲಿ ಒಂದೇ ಅಂಗಳದಲ್ಲಿ ಕೂಡಿಕೊಂಡಿವೆ. ಏಡಿಗಂತಿಯು ಈ ಊರಿನಲ್ಲಿ ಹೆಚ್ಚೆಂದು ನಾವು ಹೇಳುತ್ತಿಲ್ಲ. ವಂಶವನ್ನು ಹಿಡಿದು ರೋಗವನ್ನು ಅಭ್ಯಾಸಮಾಡುವವರಿಗೆ ಒದಗುವ ಕಷ್ಟಗಳೆಲ್ಲವೂ ಇಂತಹ ಊರಿನಲ್ಲಿ ಒಂದೆಡೆಯೇ ಕಾಣಸಿಗುವುದರಿಂದ ಇದನ್ನು ಆರಿಸಿಕೊಂಡಿದ್ದೇವೆ.

ನೂಲಿನ ದೋಷವೂ ಉಡಿಗೆಯ ದೋಷವೂ

ನಮ್ಮ ಶರೀರವು ಕಣ್ಣಿಗೆ ಕಾಣದಷ್ಟು ಸಣ್ಣವಾದ ಅಸಂಖ್ಯ ಜೀವಕೋಶಗಳಿಂದಾದುದು. ಪ್ರತಿಯೊಂದು ಕೋಶದೊಳಗೂ ತಂದೆಯಿಂದ ೨೩, ತಾಯಿಯಿಂದ ೨೩, ಹೀಗೆ ೪೬ ಎಳೆಗಳಿರುವುವು. ಈ ಎಳೆಗಳ ಮೇಲೆ ಶರೀರದ ಕೆಲಸಗಳನ್ನು ನಡೆಸುವ ವಿಧಿಗಳು ಬರೆದಿಟ್ಟಂತಿವೆ. ಒಂದೊಂದು ವಿಧಿಗೂ ಜೀನು ಎಂದು ಹೆಸರು. ಅಂತಹವು ಸುಮಾರು ೨೦,೦೦೦. ಎಲ್ಲವನ್ನೂ ಬರೆದ ಅಕ್ಷರಗಳನ್ನು ಎಣಿಸಿದರೆ ತಂದೆಯ ಪಾಲು ೩೦೦ ಕೋಟಿ, ತಾಯಿಯ ಪಾಲೂ ಅಷ್ಟೇ. ಕೋಶವೊಂದು ಎರಡಾಗುವಾಗ ಈ ಗ್ರಂಥವೆಲ್ಲವೂ ಮತ್ತೊಮ್ಮೆ ನಕಲಾಗಬೇಕು. ನಕಲು ಮಾಡುವವನ ಕೈತಪ್ಪಿ ಅಲ್ಲೊಂದು ಇಲ್ಲೊಂದು ಅಕ್ಷರವು ಬದಲಾಗುವುದುಂಟು. ಹೊಗೆಸೊಪ್ಪು, ಕಡು ಬಿಸಿಲು, ಕೆಲವು ವಿಷಗಳು ಈ ತಪ್ಪುಗಳನ್ನು ಹೆಚ್ಚಿಸುವುವು. ಕೋಶದ ಬೆಳೆವಣಿಗೆಯನ್ನು ಹಿಡಿತದಲ್ಲಿಡುವ ಜೀನುಗಳಲ್ಲೇ ಇಂತಹ ತಪ್ಪುಗಳು ಕೂಡಿಬಂದಾಗ ಆ ಕೋಶವು ಕಟ್ಟಳೆಯಿಲ್ಲದೆ ಬೆಳೆಯತೊಡಗುವುದು. ಅದೇ ಏಡಿಗಂತಿ.

ಎಳೆಗಳ ಕೆಡುಕಿನಿಂದಲೇ ಈ ರೋಗವು ಹುಟ್ಟುವುದೆಂದು ಜರ್ಮನಿಯ ಥಿಯೊಡೊರ್ ಬೊವೆರಿ ಎಂಬ ವಿದ್ವಾಂಸರು ೧೯೧೪ರಲ್ಲಿಯೇ ಊಹಿಸಿದ್ದರು. ಗಂತಿಯನ್ನು ಹುಟ್ಟಿಸುವ ಜೀನೊಂದು ಹೊರಗಿನ ಶತ್ರುವಲ್ಲ, ಆರೋಗ್ಯವುಳ್ಳ ಕೋಶದಲ್ಲಿಯೇ ಇರುವ ಜೀನು ಕೆಟ್ಟು ಹೀಗಾಗುವುದು ಎಂದು ಅಮೆರಿಕದ ಬಿಷಪ್ ಮತ್ತು ವಾರ್ಮಸ್ ಎಂಬವರು ೧೯೭೬ರಲ್ಲಿ ತೋರಿಸಿ, ೧೯೮೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆದುದರಿಂದ ಏಡಿಗಂತಿಯೆಲ್ಲವೂ ಜೀನುಗಳ ರೋಗವೇ ಸರಿ; ಆದರೆ ಏಡಿಗಂತಿಯೆಲ್ಲವೂ ವಂಶಪಾರಂಪರ್ಯದ ರೋಗವಲ್ಲ. ಈ ಎರಡು ಮಾತುಗಳ ನಡುವಣ ವ್ಯತ್ಯಾಸವನ್ನು ಅರಿಯದೆ ಎಷ್ಟೋ ಮನೆಗಳು ಸುಮ್ಮನೆ ಸಂಕಟಪಡುತ್ತಿವೆ. ಸೀರೆಯು ಹರಿಯುವುದು ಎರಡು ಬಗೆಯಲ್ಲಿ: ನೂಲೇ ದುರ್ಬಲವಾಗಿದ್ದರೆ ಒಂದು ಬಗೆ, ಉಡುತ್ತ ಒಗೆಯುತ್ತ ಸವೆದರೆ ಮತ್ತೊಂದು ಬಗೆ. ನೂರು ಏಡಿಗಂತಿಗಳಲ್ಲಿ ಐದರಿಂದ ಹತ್ತು ಮಾತ್ರ ಹುಟ್ಟಿನಿಂದ ಬಂದ ನೂಲಿನ ದೋಷದವು. ಮಿಕ್ಕವು ಬಾಳಿನಲ್ಲಿ ಒದಗಿದ ಸವೆತದವು.

ಈ ಭೇದವನ್ನು ಸ್ಪಷ್ಟಪಡಿಸಿದ ಕೀರ್ತಿಯು ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯರದು. ಎಳೆಯ ಮಕ್ಕಳ ಕಣ್ಣಿನಲ್ಲಿ ಹುಟ್ಟುವ ಒಂದು ಗಂತಿಯನ್ನು ಕುರಿತು ೧೯೭೧ರಲ್ಲಿ ಅವರು ಬರೆದರು. ಪ್ರತಿ ಜೀನಿಗೂ ತಾಯಿಯದೊಂದು, ತಂದೆಯದೊಂದು ಪ್ರತಿಯಿರುವುದಷ್ಟೆ. ಎರಡು ಪ್ರತಿಗಳೂ ಕೆಟ್ಟರೆ ಮಾತ್ರ ಈ ಗಂತಿಯು ಹುಟ್ಟುವುದು. ಒಂದು ಕೆಟ್ಟ ಪ್ರತಿಯನ್ನು ಹೊತ್ತೇ ಹುಟ್ಟಿದ ಮಗುವಿಗೆ ಇನ್ನೊಂದು ಪೆಟ್ಟು ಸಾಕು. ಆದುದರಿಂದ ಅದಕ್ಕೆ ರೋಗವು ಬೇಗನೆ, ಹಲವೊಮ್ಮೆ ಎರಡು ಕಣ್ಣಿಗೂ, ಬರುವುದು. ಮಗುವಿನ ಕಣ್ಣಿನ ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕೆಂಬುದನ್ನು ತಾಯಂದಿರು ಇಲ್ಲಿಯೇ ನೆನಪಿನಲ್ಲಿಡುವುದು ಲೇಸು. ಎದೆಯ ಏಡಿಗಂತಿಯ ವಿಷಯದಲ್ಲಿ ಮೇರಿ ಕ್ಲೇರ್ ಕಿಂಗ್ ಎಂಬ ವಿದುಷಿಯು ಇಂತಹ ಜೀನೊಂದರ ನೆಲೆಯನ್ನು ೧೯೯೦ರಲ್ಲಿ ಹದಿನೇಳನೆಯ ಎಳೆಯ ಮೇಲೆ ಗುರುತಿಸಿದರು. ೧೯೯೪ರಲ್ಲಿ ಕೈಗೆ ಸಿಕ್ಕಿದ ಆ ಜೀನೇ ಬಿಆರ್‌ಸಿಎ ಒಂದು. ಮರುವರ್ಷ ಬಿಆರ್‌ಸಿಎ ಎರಡು ಎಂಬುದೂ ದೊರೆಯಿತು. ಎದೆಯ ಮತ್ತು ಅಂಡಾಶಯದ ಏಡಿಗಂತಿಯು ಕೆಲವು ವಂಶಗಳನ್ನು ಬೆನ್ನಟ್ಟುವುದು ಇವೆರಡರ ದೋಷದಿಂದ.

ಯಾವ ಅತ್ತೆ?

ಜೀನು ತಿಳಿದಮೇಲೆ ಕೆಲಸವು ಸುಲಭವಾಗಬೇಕಲ್ಲವೆ ಎಂದು ವಾಚಕರು ಕೇಳಬಹುದು. ನಮ್ಮ ತಾಯಿಯು ಬೆಂಗಳೂರಿನಂತಹ ದೊಡ್ಡ ಊರಿನ ಆಸ್ಪತ್ರೆಗೆ ಹೋದಳೆನ್ನೋಣ. ಅಲ್ಲಿ ಬಲ್ಲ ವೈದ್ಯರು ರಕ್ತವನ್ನು ತೆಗೆಯುವುದಕ್ಕಿಂತ ಮುಂಚೆ ಕಾಗದವನ್ನೂ ಪೆನ್ಸಿಲನ್ನೂ ತೆಗೆಯುವರು. ಗಂಡಸಿಗೊಂದು ಚೌಕ, ಹೆಂಗಸಿಗೊಂದು ವೃತ್ತ, ರೋಗ ಬಂದವರಿಗೆ ಕಪ್ಪು. ಹೀಗೆ ಮೂರು ತಲೆಮಾರಿನ ಚಿತ್ರವನ್ನು ಬರೆಯಬೇಕು. ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೆಯ ವಯಸ್ಸಿನಲ್ಲಿ ಎಂಬುದನ್ನು ತುಂಬಬೇಕು. ಕಷ್ಟವು ಇಲ್ಲಿಂದಲೇ ಮೊದಲಾಗುವುದು.

ಕನ್ನಡದ ಮನೆಯೊಂದರಲ್ಲಿ "ಅತ್ತೆಗೆ ಎದೆಯ ಗಂತಿಯಾಗಿತ್ತು" ಎಂದರೆ ವೈದ್ಯರು ಏನೆಂದು ಬರೆದುಕೊಳ್ಳಬೇಕು? ತಂದೆಯ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮೊದಲನೆಯವಳು ರಕ್ತಸಂಬಂಧಿ, ಮಿಕ್ಕಿಬ್ಬರು ಸಾಮಾನ್ಯವಾಗಿ ಅಲ್ಲ. ಆದರೆ ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ರೂಢಿಯಲ್ಲಿ ಸೊಸೆಯ ಪಾಲಿಗೆ ಗಂಡನ ತಾಯಿಯು ಸ್ವಂತ ಅಜ್ಜಿಯೇ ಆಗಿರುವಳು! ಬಂಗಾಳಿಯಲ್ಲಿ ತಂದೆಯ ಸೋದರಿಯು ಪಿಶಿ, ತಾಯಿಯ ಸೋದರಿಯು ಮಾಶಿ, ಸೋದರಮಾವನ ಹೆಂಡತಿಯು ಮಾಮಿ, ಅಲ್ಲಿ ಗೊಂದಲವಿಲ್ಲ. ಆದರೆ ಪಿಶಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಅತ್ತೆಯೆಂದು ಹೇಳಿದ ಕೂಡಲೇ ಆ ಸ್ಪಷ್ಟತೆಯು ಮಾಯವಾಗುವುದು. ಹೆಂಗಸರ ರೋಗವು ತಾಯಿಯ ಕಡೆಯಿಂದಲೇ ಬರಬೇಕೆಂಬ ತಪ್ಪು ತಿಳಿವಳಿಕೆಯೂ ಇದಕ್ಕೆ ಸೇರುವುದು. ಬಿಆರ್‌ಸಿಎ ದೋಷವು ತಂದೆಯಿಂದಲೂ ಅಷ್ಟೇ ಸರಾಗವಾಗಿ ಬರಬಲ್ಲುದು. ತಂದೆಯು ಆರೋಗ್ಯವಾಗಿದ್ದು, ಪಿಶಿಯಲ್ಲಿ ಮಾತ್ರ ರೋಗವು ಕಂಡಿರಬಹುದು.

ಮದುವೆಯ ರೂಢಿಯೂ ಇಲ್ಲಿ ಗಣನೀಯವಾದುದು. ೧೯೮೦ರಿಂದ ೧೯೮೯ರವರೆಗೆ ಬೆಂಗಳೂರು ಮೈಸೂರುಗಳಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ತಂದೆತಾಯಿಗಳನ್ನು ವಿಚಾರಿಸಿ ಭಾರತೀಯ ವಿಜ್ಞಾನ ಮಂದಿರದ ಅಪ್ಪಾಜಿರಾಯರು, ಸಾವಿತ್ರಿಯವರು, ಅವರೊಡನೆ ಆಲನ್ ಬಿಟಲ್ಸ್ ಎಂಬವರು ನಡೆಸಿದ ಅಭ್ಯಾಸದಲ್ಲಿ, ಸುಮಾರು ಮೂರರಲ್ಲೊಂದು ಮದುವೆಯು ಹತ್ತಿರದ ಸಂಬಂಧದೊಳಗೇ ಆದುದೆಂದು ಕಂಡುಬಂದಿತು. ಬಂಗಾಳದ ಹಿಂದೂಗಳಲ್ಲಿ ಇಂತಹ ಮದುವೆಯು ನಿಷಿದ್ಧ. ಬಿಆರ್‌ಸಿಎಯಂತಹ ದೋಷವು ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದು ಪ್ರತಿಯಾಗಿ ಬಂದರೂ ಅಪಾಯವೇ. ಆದರೆ ಫ್ಯಾಂಕೋನಿಯ ರಕ್ತಹೀನತೆಯಂತಹ ಕೆಲವು ರೋಗಗಳು, ಮುಂದೆ ರಕ್ತದ ಏಡಿಗಂತಿಗೆ ದಾರಿಮಾಡಬಲ್ಲವು, ಎರಡು ಕಡೆಯಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವುವು; ಸಂಬಂಧದೊಳಗಿನ ಮದುವೆಯಲ್ಲಿ ಅದರ ಸಂಭವವು ಹೆಚ್ಚು. ಹೀಗೆ ಕಾಲುವೆಯ ಆಚೆ ಈಚೆ ಇರುವ ಎರಡು ಊರುಗಳಲ್ಲಿ ಹುಡುಕಬೇಕಾದ ದೋಷದ ಬಗೆಯೇ ಬೇರೆಯಾಗಬಹುದು.

ಕ್ಯಾಂಪಿನ ತಾಯಿಗೆ ಇನ್ನೊಂದು ಕೊರತೆಯೂ ಉಂಟು. ಅವಳ ಅಜ್ಜಿಯ ಅಕ್ಕತಂಗಿಯರು ಗಡಿಯಾಚೆಯ ಊರಿನಲ್ಲಿ ಉಳಿದಿರಬಹುದು, ಇಲ್ಲವೆ ಬರುವ ದಾರಿಯಲ್ಲಿ ಬೇರೆ ಯಾವುದೋ ರಾಜ್ಯದ ಶಿಬಿರಕ್ಕೆ ಸೇರಿರಬಹುದು. ವಲಸೆಯ ಬವಣೆಯಲ್ಲಿ ಮೂವತ್ತಕ್ಕೇ ತೀರಿಕೊಂಡ ಅಜ್ಜಿಗೆ ಐವತ್ತಕ್ಕೆ ಗಂತಿಯಾಗುತ್ತಿತ್ತೇ ಎಂದು ಹೇಳಬಲ್ಲವರಾರು? ಮಂಡಲ್, ಬಿಸ್ವಾಸ್, ಸರ್ಕಾರ್ ಎಂಬ ಮನೆತನದ ಹೆಸರುಗಳು ನೂರಾರು ಸಂಬಂಧವಿಲ್ಲದ ಕುಟುಂಬಗಳಿಗಿರುವುದರಿಂದ ಹೆಸರನ್ನು ಹಿಡಿದು ಹೋದರೆ ದಾರಿತಪ್ಪುವುದು. ಐಸ್‌ಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ಶತಮಾನಗಳ ವಂಶಾವಳಿಗಳು ಬರೆದಿಟ್ಟಿವೆ. ೧೯೫೫ರಿಂದ ಇಡೀ ದೇಶದ ಏಡಿಗಂತಿಯ ನೋಂದಣಿಯೂ ಇದೆ. ಅಲ್ಲಿಯ ಬಿಆರ್‌ಸಿಎ ಎರಡರ ದೋಷವು ಬಹುಮಟ್ಟಿಗೆ ಒಂದೇ ಮೂಲದ ಒಂದೇ ತಪ್ಪೆಂದು ಬೇಗನೆ ಗೊತ್ತಾದುದು ಈ ದಾಖಲೆಗಳ ಬಲದಿಂದ. ನಮ್ಮಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಆ ನಗರದ ಏಡಿಗಂತಿಯ ನೋಂದಣಿಯು ೧೯೮೨ರಲ್ಲಿ ಆರಂಭವಾಯಿತು. ಆದರೆ ನಗರದ ನೋಂದಣಿಯು ನಗರದ ನಿವಾಸಿಗಳದು. ಸುಮಾರು ೪೦೦ ಕಿಲೋಮೀಟರು ಪ್ರಯಾಣಮಾಡಿ ಬಂದು ಚಿಕಿತ್ಸೆ ಪಡೆದು ಹಿಂದಿರುಗುವ ಸಿಂಧನೂರಿನವರು ಅದರ ಎಣಿಕೆಗೆ ಸೇರುವವರಲ್ಲ. ಮೇಲಾಗಿ ನಮ್ಮ ದೇಶದಲ್ಲಿ ಬಹುಪಾಲು ಮರಣಗಳಿಗೆ ವೈದ್ಯರು ಬರೆದ ಕಾರಣಪತ್ರವೇ ಇರುವುದಿಲ್ಲ. "ಹೊಟ್ಟೆನೋವಿನಿಂದ ಹೋದಳು" ಎಂಬ ಮಾತಿನಲ್ಲಿ ಅಂಡಾಶಯದ ಗಂತಿಯೂ ಅಡಗಿರಬಹುದು, ಅಡಗಿರದೆಯೂ ಇರಬಹುದು.

ಒಂದೇ ರಕ್ತವೋ, ಒಂದೇ ಅಡುಗೆಮನೆಯೋ

ವಂಶಾವಳಿಯು ಪೂರ್ಣವಾಗಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಒಂದು ಮನೆಯಲ್ಲಿ ಅಜ್ಜ, ಮಗ, ಮೊಮ್ಮಗ ಮೂವರಿಗೂ ಬಾಯಿಯ ಏಡಿಗಂತಿಯಾದರೆ ಅದು ಜೀನಿನ ಕೆಲಸವೇ? ಮೂವರೂ ಒಂದೇ ಎಲೆಯಡಿಕೆಯ ತಟ್ಟೆಯಿಂದ ಹೊಗೆಸೊಪ್ಪನ್ನು ಹಾಕಿಕೊಂಡವರು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಈ ರೋಗಕ್ಕೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಏಡಿಗಂತಿ ಸಂಶೋಧನೆಯ ಅಂಗವು ೨೦೦೪ರಲ್ಲಿ ಪ್ರಕಟಿಸಿತು. ತಾಂಬೂಲವು ಬಂಗಾಳಿಗೂ ಪ್ರಿಯ, ಕನ್ನಡಿಗನಿಗೂ ಪ್ರಿಯ. ಯಕೃತ್ತಿನ ಏಡಿಗಂತಿಯು ಇನ್ನೂ ಹೆಚ್ಚು ಮೋಸಗೊಳಿಸುವುದು: ಹೆಪಟೈಟಿಸ್ ಬಿ ಎಂಬ ವೈರಸ್ಸು ಹೆರಿಗೆಯ ವೇಳೆಯಲ್ಲಿ ತಾಯಿಯಿಂದ ಮಕ್ಕಳಿಗೆ ಹರಡಿ, ದಶಕಗಳು ಕಳೆದಮೇಲೆ ಅಣ್ಣತಮ್ಮಂದಿರೆಲ್ಲರಲ್ಲೂ ಗಂತಿಯನ್ನು ಹುಟ್ಟಿಸಬಹುದು. ಚಿತ್ರದಲ್ಲಿ ಇದು ವಂಶದ ರೋಗದಂತೆಯೇ ಕಾಣುವುದು. ಆದರೆ ಒಂದು ಲಸಿಕೆಯಿಂದ ತಡೆಯಬಹುದಾದ ರೋಗವಿದು. ಬಾವಿಯ ನೀರೂ ಹೀಗೆಯೇ. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿಗೆ ನೆಲದ ಬಂಡೆಯೊಳಗಿನ ಆರ್ಸೆನಿಕ್ ಎಂಬ ವಿಷವು ಸೇರಿದ್ದುದು ಪತ್ತೆಯಾಯಿತು. ಇದು ಬಹುಕಾಲ ಹೊಟ್ಟೆಗೆ ಹೋದರೆ ಚರ್ಮಕ್ಕೂ ಶ್ವಾಸಕೋಶಕ್ಕೂ ಮೂತ್ರಕೋಶಕ್ಕೂ ಏಡಿಗಂತಿಯನ್ನು ತರಬಲ್ಲುದು. ಒಂದೇ ಬಾವಿಯ ನೀರನ್ನು ಕುಡಿದವರು ಹೆಚ್ಚಾಗಿ ಒಂದೇ ವಂಶದವರಾಗಿರುತ್ತಾರೆ.

ಊರು ಬಿಟ್ಟು ಬಂದವರಿಂದ ಇಲ್ಲಿ ಒಂದು ಉಪಕಾರವೂ ಉಂಟು. ಜಪಾನಿನಿಂದ ಹವಾಯಿ ದ್ವೀಪಗಳಿಗೂ ಅಮೆರಿಕಕ್ಕೂ ಹೋಗಿ ನೆಲಸಿದವರಲ್ಲಿ ತಲೆಮಾರುಗಳು ಕಳೆದಂತೆ ಜಠರದ ಏಡಿಗಂತಿಯು ಇಳಿದು, ದೊಡ್ಡ ಕರುಳಿನದೂ ಎದೆಯದೂ ಏರಿದುವು. ರಕ್ತವು ಅದೇ, ಬದಲಾದುದು ಊಟ ಮತ್ತು ಜೀವನಕ್ರಮ. ನೆಲವನ್ನು ಬದಲಿಸಿದವರ ಮಕ್ಕಳು ಮೊಮ್ಮಕ್ಕಳನ್ನು ಅಭ್ಯಾಸಮಾಡಿದರೆ ರಕ್ತದ ಪಾಲೆಷ್ಟು, ನೆಲದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಸಾಧ್ಯವಾಗುವುದು.

ಓದುವುದು ಬೇರೆ, ಅರಿಯುವುದು ಬೇರೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯ ಬೆಟ್ಟವಿದೆ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಎಂಬವರು ೧೮೩೭ರಲ್ಲಿಯೇ ಓದಿದ್ದರು. ದೇಶದ ಬಂಡೆಗಳ ಮೇಲೆಲ್ಲ 'ದೇವಾನಾಂಪ್ರಿಯ' ಎಂಬ ಅರಸನ ಮಾತುಗಳು ಕಂಡುವು. ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ೧೯೧೫ರಲ್ಲಿ ಮಸ್ಕಿಯ ಶಾಸನವು ದೊರೆತು, ಅದರಲ್ಲಿ ಅಶೋಕನ ಹೆಸರೇ ಕಂಡಮೇಲೆ ಆ ಮಾತು ಸ್ಥಿರವಾಯಿತು. ಅಕ್ಷರವನ್ನು ಓದಿದಮೇಲೆಯೂ ಅದರ ಸಂಬಂಧವನ್ನು ನಿಶ್ಚಯಿಸಲು ಎಪ್ಪತ್ತೆಂಟು ವರ್ಷಗಳು ಬೇಕಾದುವು.

ಜೀನುಗಳ ಶಾಸನದಲ್ಲಿಯೂ ಇದೇ ಸ್ಥಿತಿ. ಮನುಷ್ಯನ ಅಕ್ಷರಗಳೆಲ್ಲವನ್ನೂ ಓದುವ ಮಹಾಕಾರ್ಯವು ೨೦೦೩ರಲ್ಲಿ ಮುಗಿಯಿತೆಂದು ಸಾರಿದರು. ಈಗ ಒಬ್ಬರ ಗ್ರಂಥವನ್ನು ಕೆಲವೇ ದಿನಗಳಲ್ಲಿ ಓದಬಹುದು. ಆದರೆ ಮಾದರಿಯ ಪ್ರತಿಗೆ ಹೋಲಿಸಿದರೆ ಯಾರಲ್ಲಿಯಾದರೂ ೪೦ರಿಂದ ೫೦ ಲಕ್ಷ ಕಡೆಗಳಲ್ಲಿ ವ್ಯತ್ಯಾಸವಿರುವುದು. ಬಹುತೇಕ ವ್ಯತ್ಯಾಸಗಳು ಮೂಗಿನ ಆಕಾರದಂತೆ ನಿರಪಾಯವಾದುವು. ಯಾವುದು ರೋಗದ ಅಕ್ಷರ, ಯಾವುದು ಬರಿಯ ಕೈಬರಹದ ಭೇದ ಎಂದು ತಿಳಿಯಬೇಕಾದರೆ ಅದೇ ಜನಾಂಗದ ಸಾವಿರಾರು ಆರೋಗ್ಯವಂತರ ಗ್ರಂಥಗಳು ಹೋಲಿಕೆಗೆ ಬೇಕು. ಇದುವರೆಗೆ ಲೋಕದಲ್ಲಿ ಕೂಡಿಹಾಕಿದ ಗ್ರಂಥಗಳಲ್ಲಿ ಹೆಚ್ಚಿನವು ಯೂರೋಪಿನ ಮೂಲದವರವು. ಆದುದರಿಂದ ನಮ್ಮ ತಾಯಿಯ ರಕ್ತಪರೀಕ್ಷೆಯಲ್ಲಿ "ವ್ಯತ್ಯಾಸವೊಂದಿದೆ, ಅರ್ಥವು ನಿಶ್ಚಿತವಲ್ಲ" ಎಂಬ ಉತ್ತರವು ಬರಬಹುದು. ಇಲ್ಲವೆಂಬ ಉತ್ತರವು ಸಮಾಧಾನ, ಉಂಟೆಂಬ ಉತ್ತರವು ಎಚ್ಚರಿಕೆ. ಈ ಮೂರನೆಯ ಉತ್ತರವನ್ನು ಹೊತ್ತು ಮನೆಗೆ ಹಿಂದಿರುಗುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 'ಜೀನೋಮ್ ಇಂಡಿಯಾ' ಎಂಬ ಕಾರ್ಯವು ನಡೆದು, ದೇಶದ ನಾನಾ ಸಮುದಾಯಗಳ ೧೦,೦೦೦ಕ್ಕೂ ಹೆಚ್ಚು ಜನರ ಗ್ರಂಥಗಳನ್ನು ಓದಿದುದಾಗಿ ೨೦೨೪ರಲ್ಲಿ ಪ್ರಕಟವಾದುದು ಈ ಕೊರತೆಯನ್ನು ನೀಗಿಸುವತ್ತ ದೊಡ್ಡ ಹೆಜ್ಜೆ.

ಗಂತಿಯ ಒಳಗೂ ಒಂದು ತೊಡಕಿದೆ. ಅದು ಬೆಳೆದಂತೆ ಅದರ ಕೋಶಗಳಲ್ಲಿ ಹೊಸ ಹೊಸ ತಪ್ಪುಗಳು ಸೇರಿ, ಒಂದು ಮೂಲೆಯ ಕೋಶವು ಇನ್ನೊಂದು ಮೂಲೆಯದರಂತೆ ಇರುವುದಿಲ್ಲ. ಸಾವಿರ ತಪ್ಪುಗಳಲ್ಲಿ ರೋಗವನ್ನು ನಡೆಸುವುವು ಕೆಲವೇ. ಮಿಕ್ಕವು ಬಂಡಿಯಲ್ಲಿ ಸುಮ್ಮನೆ ಕುಳಿತು ಬಂದವು. ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಸಂಸ್ಥೆಯೂ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರೂ ಕೂಡಿ, ನಮ್ಮ ಜನರ ಕೆನ್ನೆ ವಸಡುಗಳ ಏಡಿಗಂತಿಯನ್ನು ಮೊದಲು ೫೦ ರೋಗಿಗಳಲ್ಲಿ ಓದಿ, ಮತ್ತೆ ೬೦ ರೋಗಿಗಳಲ್ಲಿ ಒರೆಹಚ್ಚಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪದೇ ಪದೇ ಕೆಟ್ಟ ಜೀನುಗಳಲ್ಲಿ ಐದು ಬೇರೆ ದೇಶಗಳ ತಲೆಕುತ್ತಿಗೆಗಳ ಗಂತಿಗಳಲ್ಲಿ ಆಗಲೇ ತಿಳಿದಿದ್ದುವು. ಬೇರೆ ಐದು ಈ ಬಗೆಯ ಗಂತಿಗೇ ವಿಶಿಷ್ಟವಾಗಿ ಕಂಡುವು. ನಮ್ಮ ಜನರ ರೋಗವನ್ನು ನಮ್ಮ ಜನರಲ್ಲಿಯೇ ಓದಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭಯವೆಂಬ ಬೀಗ

ಇಷ್ಟೆಲ್ಲ ಕಷ್ಟಗಳಿಗೂ ಮಿಗಿಲಾದುದು ಮನಸ್ಸಿನ ಕಷ್ಟ. "ಆ ಮನೆತನದಲ್ಲಿ ಏಡಿಗಂತಿಯಿದೆ" ಎಂಬ ಮಾತು ಹರಡಿದರೆ ಹೆಣ್ಣುಮಕ್ಕಳ ಮದುವೆಗೆ ತಡೆಯಾಗುವುದೆಂದು ತಂದೆತಾಯಿಗಳು ರೋಗವನ್ನು ಮುಚ್ಚಿಡುವರು. ಸತ್ತವರ ರೋಗದ ಹೆಸರನ್ನು ಬದಲಿಸಿ ಹೇಳುವರು. ಕ್ಯಾಂಪಿನಂತಹ ಊರಿನಲ್ಲಿ ಈ ಬೀಗಕ್ಕೆ ಮೇಲೊಂದು ಬೀಗವುಂಟು. ಪೌರತ್ವದ ಕಾಗದಗಳಿಗಾಗಿ ಅಲ್ಲಿಯ ಎಷ್ಟೋ ಕುಟುಂಬಗಳು ದಶಕಗಳ ಕಾಲ ಅಲೆದಿವೆ. ೨೦೧೯ರ ತಿದ್ದುಪಡಿಯ ಕಾನೂನಿಗೆ ನಿಯಮಗಳು ಹೊರಟುದು ೨೦೨೪ರಲ್ಲಿ. ಅಂತಹ ಮನೆಯ ಬಾಗಿಲಿಗೆ ಅಪರಿಚಿತನೊಬ್ಬನು ಪುಸ್ತಕ ಹಿಡಿದು ಬಂದು, "ನಿಮ್ಮ ಅಜ್ಜ ಹುಟ್ಟಿದ್ದೆಲ್ಲಿ? ಅವರ ಅಣ್ಣತಮ್ಮಂದಿರು ಈಗ ಎಲ್ಲಿದ್ದಾರೆ?" ಎಂದು ಕೇಳಿದರೆ, ಅದು ರೋಗದ ವಿಚಾರಣೆಯೆಂದು ಮನೆಯವರು ನಂಬುವುದು ಹೇಗೆ? ಸಂಶೋಧಕರು ಮೊದಲು ಗಳಿಸಬೇಕಾದುದು ರಕ್ತವನ್ನಲ್ಲ, ನಂಬಿಕೆಯನ್ನು. ಏತಕ್ಕಾಗಿ ಕೇಳುತ್ತೇವೆ, ಹೆಸರು ಯಾರಿಗೂ ತಿಳಿಯದಂತೆ ಹೇಗೆ ಕಾಪಾಡುತ್ತೇವೆ, ಫಲವನ್ನು ನಿಮಗೆ ಹೇಗೆ ತಿಳಿಸುತ್ತೇವೆ ಎಂಬುದನ್ನು ಮನೆಯ ಭಾಷೆಯಲ್ಲಿಯೇ ಹೇಳಿ, ಒಪ್ಪದವರನ್ನು ಬಲವಂತಪಡಿಸದೆ ನಡೆಯುವುದು ಅವರ ಧರ್ಮ.

ಗೃಹಸ್ಥರು ಮಾಡಬಹುದಾದುದು

ನಮ್ಮ ಧರ್ಮವೂ ಒಂದುಂಟು. ಮನೆಯಲ್ಲಿ ಜಾತಕಗಳನ್ನಿಡುವ ಪೆಟ್ಟಿಗೆಯಲ್ಲಿ ಆರೋಗ್ಯದ ವಂಶಾವಳಿಯನ್ನೂ ಇಡೋಣ. ಅಜ್ಜ ಅಜ್ಜಿಯರು ಬದುಕಿರುವಾಗಲೇ ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆಯಬೇಕು. ಅತ್ತೆಯೆಂದರೆ ಯಾವ ಅತ್ತೆ, ತಂದೆಯ ಕಡೆಯೋ ತಾಯಿಯ ಕಡೆಯೋ, ರಕ್ತದಿಂದಲೋ ಮದುವೆಯಿಂದಲೋ ಎಂಬುದನ್ನು ಬಿಡಿಸಿ ಬರೆಯಬೇಕು. ರೋಗದ ಹೆಸರು, ಅಂಗ, ಬಂದ ವಯಸ್ಸು, ಹೊಗೆಸೊಪ್ಪಿನ ಅಭ್ಯಾಸ ಇವೆಲ್ಲವೂ ಬೇಕು. ಆಸ್ಪತ್ರೆಯ ಕಾಗದಗಳನ್ನು ರೋಗಿಯು ತೀರಿಕೊಂಡ ಬಳಿಕವೂ ಸುಡದೆ ಕಾಪಾಡಬೇಕು. ಎದೆಯ ಅಥವಾ ಕರುಳಿನ ಗಂತಿಯು ನಲವತ್ತು ವರ್ಷಗಳೊಳಗೆ ಬಂದಿದ್ದರೆ, ಒಂದೇ ಕಡೆಯ ಇಬ್ಬರು ಮೂವರಿಗೆ ಬಂದಿದ್ದರೆ, ಅಂಡಾಶಯದ ಗಂತಿಯಾಗಿದ್ದರೆ, ಗಂಡಸಿಗೆ ಎದೆಯ ಗಂತಿಯಾಗಿದ್ದರೆ ಆ ಚಿತ್ರವನ್ನು ವೈದ್ಯರಿಗೆ ತೋರಿಸಬೇಕು. ಪರೀಕ್ಷೆಯನ್ನು ಸಾಧ್ಯವಾದರೆ ರೋಗ ಬಂದವರಲ್ಲಿಯೇ ಮೊದಲು ಮಾಡಿಸುವುದು ಸರಿಯಾದ ಕ್ರಮ. ಮೂರು ವಾರಗಳಾದರೂ ಮಾಯದ ಬಾಯಿಯ ಹುಣ್ಣನ್ನು, ನೋವಿಲ್ಲದ ಎದೆಯ ಗಂಟನ್ನು ಅಲಕ್ಷ್ಯಮಾಡದಿರುವುದು ವಂಶದ ಮಾತಿರಲಿ ಇಲ್ಲದಿರಲಿ ಎಲ್ಲರಿಗೂ ಸೇರಿದ ನಿಯಮ.

ಇನ್ನು ಆ ತಾಯಿಯ ಪ್ರಶ್ನೆ. ಅವಳ ವಯಸ್ಸು ಚಿಕ್ಕದಾದುದರಿಂದ ವೈದ್ಯರು ಅದನ್ನು ಹಗುರವಾಗಿ ಎಣಿಸರು. ಅವಳಲ್ಲಿ ಬಿಆರ್‌ಸಿಎಯ ದೋಷವು ನಿಶ್ಚಿತವಾಗಿ ಕಂಡುಬಂದರೂ ಅದು ಮಗಳಿಗೆ ಇಳಿದಿರುವ ಸಂಭವವು ಎರಡರಲ್ಲೊಂದು. ಇಳಿದಿದ್ದರೂ ಅದು ಅಪಾಯವನ್ನು ಹೆಚ್ಚಿಸುವುದೇ ಹೊರತು ರೋಗವನ್ನು ವಿಧಿಸುವುದಿಲ್ಲ. ಮಗಳು ಪ್ರಾಯಕ್ಕೆ ಬಂದು, ತಾನೇ ಬಯಸಿ ಪರೀಕ್ಷೆ ಮಾಡಿಸಿಕೊಂಡರೆ, ಅಪಾಯವುಳ್ಳವಳಾದರೆ ಬೇಗನೆ ತಪಾಸಣೆಯನ್ನು ಆರಂಭಿಸಿ ಗಂತಿಯನ್ನು ಮೊಳಕೆಯಲ್ಲಿಯೇ ಹಿಡಿಯಬಹುದು. ಇಲ್ಲದವಳಾದರೆ ತಾಯಿಯ ಭಯವನ್ನು ಹೊತ್ತು ಬಾಳಬೇಕಾಗಿಲ್ಲ. ಈ ಉತ್ತರವನ್ನು ಹೇಳಲು ವೈದ್ಯರಿಗೆ ಬೇಕಾದುದು ಅರ್ಧ ಪ್ರಯೋಗಶಾಲೆಯಿಂದ ಬರುವುದು. ಉಳಿದರ್ಧವು, ಗಡಿಯನ್ನು ದಾಟಿ ಬಂದ ಒಬ್ಬ ಮುದುಕಿಯು ತನ್ನ ಪಿಶಿಯರನ್ನೂ ಮಾಶಿಯರನ್ನೂ ನೆನೆದು ಹೇಳುವ ಮಾತಿನಲ್ಲಿದೆ. ಆ ಮಾತು ಅವಳೊಡನೆಯೇ ಹೋಗದಂತೆ ಬರೆದಿಡುವುದು ಮನೆಯವರ ಕೆಲಸ.